ಸೇತುವೆ ಗಾಡಿ ಹತ್ತಿದ ಕೊಟ್ರ

ಕೇಳ್ರಪ್ಪಾ! ಹುಲಿಗೆಮ್ಮ ಅಂತ ಒಬ್ಬಾಕೆ, ಆಕೆಗೊಬ್ಬ ಮಗ ಕೊಟ್ರ. ಮೈ ನೋಡಿದ್ರೆ ಪೈಲ್ವಾನ, ತಲೆ ಮಾತ್ರ ಖಾಲಿ ಗಡಿಗೆ! ಆಕೆ ತೋಟದ ಮಲ್ಲಿಗೆ ಮೊಗ್ಗು ಹೊಳೆಯಾಚೆ ಪಟ್ಟಣಕ್ಕೆ ಹೋಗಬೇಕು. ದಾರ್ಯಾಗ ಅರಳಿದ್ರೆ ಯಾರೂ ಕೊಳ್ಳಂಗಿಲ್ಲ. ಬಿಡಿಸಿ ಬಿಡಿಸಿ ಸೊಂಟ ಹಿಡಿದ ಹುಲಿಗೆಮ್ಮ, "ಮಗಾ, ರೈಲಿಗೆ ಹೋಗು. ಅರಳೋದ್ರೊಳಗ ಇಮಾಮಸಾಬನ ಹೂವಿನಂಗಡಿ ಮುಟ್ಟು" ಅಂದ್ಲು.

ಮೊದಲು ಬಂದದ್ದು ಹಳೇ ಗಾಡಿ. ಗುಡ್ಡ ಬಳಸಿ, ಹೊಳೆ ಸಣ್ಣದಾದ ಕಡೆ ಹುಡುಕಿ ದಾಟೋ ಗಾಡಿ. ಕೊಟ್ರ ಅದನ್ನೇ ಹತ್ತಿದ. ಸಂಜೆಗೆ ಇಳಿದಾಗ ಬುಟ್ಟಿ ತುಂಬಾ ಅರಳಿದ ಹೂವು!

"ಅಯ್ಯೋ ಪೆದ್ದಾ! ಆ ಸುತ್ತುಗಾಡಿ ಯಾಕ ಹತ್ತಿದಿ? ಹೊಳಿಗೆ ಕಟ್ಟಿದ ಹೊಸಾ ಸೇತುವೆ ಮೇಲೆ ಹೋಗಬೇಕಲೇ!"

"ಆತವ್ವ."

ಮಾರನೇ ದಿನ ಸೇತುವೆ ಮೇಲೇ ಹೋದ. ಗಾಡಿ ಬಿಟ್ಟು, ಹಳಿ ಹಿಡಿದು, ನಡಕೊಂಡು! ಕಾವಲಿನವ ಕಿವಿ ಹಿಡಿದು ಎಳಕೊಂಡು ಹೋಗಿ ಸಂಜೀತನಕ ಕೂಡಿಸಿದ. ಮೊಗ್ಗು ಅಲ್ಲೇ ಅರಳಿದ್ವು.

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಸೇತುವೆ ದಾಟೋ ಗಾಡಿ ಹತ್ತು. ಸೇತುವೆ ದಾಟಿದ ಕೂಡ್ಲೇ ಇಳಿ!"

"ಆತವ್ವ."

ಹತ್ತಿದ. ಊರ ಮುಂದಿನ ಹಳ್ಳಕ್ಕೂ ಒಂದು ಮೋಟು ಸೇತುವೆ, ಅದರಾಚೆ ಒಂದು ಪುಟ್ಟ ಸ್ಟೇಷನ್ನು. ಇಳಿದೇಬಿಟ್ಟ!

ಇಮಾಮಸಾಬ ಹೇಳಿಕಳಿಸಿದ: "ಅಕ್ಕಾ, ಪಕ್ಕದೂರಿನ ಮೊಗ್ಗು ದಿನಾ ಸೇತುವೆ ಗಾಡಿಗೆ ಬರ್ತಾವ. ನಾಳೆ ನಿನ್ನವು ಬರದಿದ್ರೆ ಅವರದೇ ಖಾಯಂ."

ತೋಟ ಬಿಟ್ರೆ ಹುಲಿಗೆಮ್ಮಗೆ ಬ್ಯಾರೇನೈತಿ? ಮರುದಿನ ಕುಂಟಿಕೊಂತ ಹೋಗಿ ತಾನೇ ಮಗನ್ನ ಗಾಡಿ ಹತ್ತಿಸಿದ್ಲು. "ಹಳ್ಳ ಅಲ್ಲಲೇ, ದೊಡ್ಡ ಹೊಳೆ! ಎಲ್ಲಾರೂ ಕೈಮುಗೀತಾರ. ನೀನೂ ಗಂಗಮ್ಮಗ ಹೂವು ಹಾಕಿ ಕೈಮುಗಿ. ಅದರಾಚೆ ಸ್ಟೇಷನ್ನೇ ಪಟ್ಟಣ, ಇಳಿದು ಓಡು!"

"ಆತವ್ವ."

ಮನೆಗೆ ಬಂದ್ಲು, ಕೂತ್ಲು, ಎದ್ಲು, ಬಾಗಿಲಿಗೆ ಬಂದ್ಲು, ಒಳಗೆ ಹೋದ್ಲು. ಈಗ ಹಳ್ಳ ದಾಟಿರಬೇಕು! ಇಳಿದನೋ ಏನೋ! ಈಗ ಹೊಳೆ! ಒಲಿ ಮ್ಯಾಲಿನ ಅನ್ನ ಸೀದು ಹೋತು.

ಹೊತ್ತಿರುವಾಗಲೇ ಕೊಟ್ರ ಹಲ್ಲು ಕಿಸಕೊಂಡು ಬಂದ.

"ಮುಟ್ಟಿದ್ಯೇನಲೇ?"

"ಮುಟ್ಟಿದೆ! ಪಕ್ಕದೂರಿನವರಿಗಿಂತ ಮೊದಲು!"

"ಮೊಗ್ಗು ಅರಳಿದ್ವೇನು?"

"ಒಂದೂ ಅರಳಿರಲಿಲ್ಲವ್ವ!"

ಹುಲಿಗೆಮ್ಮಗೆ ಕಣ್ಣಾಗ ನೀರು ಬಂತು. ಮಗನ ಕೆನ್ನೆ ಸವರಿ ಲಟಿಕೆ ಮುರಿದ್ಲು. "ಇಮಾಮಸಾಬ ಏನಂದ, ನನ್ನ ಬಂಗಾರಾ?"

"ಖಾಲಿ ಬುಟ್ಟಿ ನೋಡಿ ಹಣೆ ಹಣೆ ಬಡಕೊಂಡ."

"ಖಾಲಿ?"

"ನೀನೇ ಹೇಳಿದ್ಯಲ್ಲವ್ವ! ಗಾಡಿ ಬಾಗಿಲಾಗ ನಿಂತು ಗಂಗಮ್ಮಗ ಎಲ್ಲಾ ಹಾಕಿ ಕೈಮುಗಿದೆ. ಬೀಳೋವಾಗ ನೋಡಿದೆ, ಎಲ್ಲಾ ಮೊಗ್ಗೇ ಇದ್ವು!"