ಹೆಬ್ಬೆರಳು ಬೇಡದ ಗೆತಾ

ಜಪಾನಿನ ಒಂದು ಹೊಳೆದಂಡೆಯಲ್ಲಿ ತೊಕುಜಿ ಎಂಬ ಗುರು ಗೆತಾ ಮಾಡಿಕೊಂಡಿದ್ದ. ಗೆತಾ ಅಂದರೆ ಅಲ್ಲಿಯವರ ಮರದ ಚಪ್ಪಲಿ, ನಮ್ಮ ಹಾವುಗೆಯ ದಾಯಾದಿ ಅನ್ನಿ. ಹಲ್ಲು ಅನ್ನುವ ಎರಡು ಅಡ್ಡಪಟ್ಟಿಗಳ ಮೇಲೆ ನಿಂತ ಹಲಗೆ, ಹೆಬ್ಬೆರಳ ಸಂದಿಯಿಂದ ಹಾದುಬರುವ ಬಟ್ಟೆಯ ಬಾರು.

ಶಿಷ್ಯೆ ಮಿಸಾವೊಗೆ ಇದ್ದದ್ದು ಒಂದೇ ಆಸೆ. ತಾನು ಮಾಡಿದ ಜೋಡಿಗೆ ಗುರು ಕಬ್ಬಿಣದ ಮುದ್ರೆ ಕಾಯಿಸಿ ಒತ್ತಬೇಕು. ಒತ್ತಿದರೆ ಅವಳೂ ಕಸುಬುದಾರಳು. ಇಲ್ಲದಿದ್ದರೆ ಮರದ ಹೊಟ್ಟು ಗುಡಿಸುವವಳು, ಅಷ್ಟೇ.

ಗುರು ದಿನಾ ಮೆಟ್ಟುವ ಗೆತಾಗಳನ್ನೇ ಮುಂದಿಟ್ಟುಕೊಂಡು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗದಂತೆ ಅವಳು ಒಂದು ಜೋಡಿ ಮಾಡಿದಳು.

ಗುರು ಮೆಟ್ಟಿಕೊಂಡು ಅಂಗಳದಲ್ಲಿ ಓಡಾಡಿದ. "ಇದರ ಹಲ್ಲು ಯಾಕಮ್ಮ ಓರೆ?"

"ನಿಮ್ಮದೂ ಹಾಗೇ ಇದೆಯಲ್ಲ, ಗುರುಗಳೇ."

"ನನ್ನದು ಸವೆದದ್ದು ಕಣೇ! ನನ್ನ ಮಂಡಿ ಸರಿಯಿಲ್ಲ. ನೀನು ನನ್ನ ಕುಂಟನ್ನೂ ಕೆತ್ತಿಬಿಟ್ಟಿದೀಯ!"

ಗುರು ಹೊಟ್ಟೆ ಹಿಡಿದುಕೊಂಡು ನಕ್ಕ. ಮಿಸಾವೊಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು.

ಅಷ್ಟರಲ್ಲಿ ಕಿನುಕೊ ಎಂಬ ತರುಣಿ ಬಂದಳು. ಬಲಗಾಲಿನ ಕಾಲುಚೀಲ ಕಳಚಿ ತೋರಿಸಿದಳು. ಹೆಬ್ಬೆರಳಿರಲಿಲ್ಲ. ಚಿಕ್ಕಂದಿನಲ್ಲಿ ಯಂತ್ರಕ್ಕೆ ಸಿಕ್ಕು ಹೋಗಿತ್ತು.

"ಬೇಸಿಗೆ ಕುಣಿತಕ್ಕೆ ಊರಿಗೆ ಊರೇ ಗೆತಾ ಮೆಟ್ಟಿ ಹೆಜ್ಜೆ ಹಾಕುತ್ತೆ. ನಾನು ಮಾತ್ರ ಚಾಪೆ ಮೇಲೆ ಕೂತು ಚಪ್ಪಾಳೆ ತಟ್ತೀನಿ. ನನಗೂ ಒಂದು ಜೋಡಿ ಆಗುತ್ತಾ, ಯಜಮಾನರೇ?"

ಗುರು ಮಾತಾಡುವ ಮೊದಲೇ ಮಿಸಾವೊ ಅಂದಳು, "ಬಾರು ಹಿಡಿಯೋದೇ ಆ ಬೆರಳು. ಹಿರಿಯರಿಂದ ಬಂದ ರೀತಿ ಇದು, ಬದಲಾಯಿಸೋಕಾಗಲ್ಲ."

ಕಿನುಕೊ ತಲೆ ತಗ್ಗಿಸಿ ಕಾಲುಚೀಲ ಕೈಗೆತ್ತಿಕೊಂಡಳು.

ಗುರು ಕತ್ತರಿ ತೆಗೆದುಕೊಂಡ. ಮಿಸಾವೊ ಮಾಡಿದ ಹೊಸ ಜೋಡಿಯ ಬಾರುಗಳನ್ನು ಕಚಕ್ಕನೆ ಕತ್ತರಿಸಿದ.

ಬೋಳು ಹಲಗೆಗಳನ್ನು ಅವನು ಕಿನುಕೊಳ ಮುಂದಿಟ್ಟ. "ಕಾಲಿಡಮ್ಮ."

ಮಿಸಾವೊ ಕಡೆ ತಿರುಗಿದ. "ಇಷ್ಟು ದಿನ ನನ್ನ ಕಾಲು ನೋಡಿದೆ. ಈಗ ಇವಳದ್ದು ನೋಡು."

ಇಷ್ಟು ಹೇಳಿ ಚಹಾ ಮಾಡಲು ಒಳಗೆ ಹೋದ.

ಮೊದಲು ಮಿಸಾವೊಗೆ ಸಿಟ್ಟೇ ಬಂತು. ಆಮೇಲೆ, ಬೇರೆ ದಾರಿಯಿಲ್ಲದೆ, ನೋಡಿದಳು. ಉಳಿದ ನಾಲ್ಕು ಬೆರಳು ಹಲಗೆಯನ್ನು ಎಷ್ಟು ಆಸೆಯಿಂದ ಹಿಡಿದುಕೊಂಡಿದ್ದವು!

ಓರೆ ಹಲ್ಲನ್ನು ಹೆರೆದು ಸಮ ಮಾಡಿದಳು. ಮುಂದಿನ ತೂತು ಮುಚ್ಚಿ, ಬದಿಗಳಲ್ಲಿ ಹೊಸದು ಕೊರೆದಳು. ಬಾರು ಪಾದದ ಮೇಲೆ ಅಡ್ಡಡ್ಡ ಹಾದು ಹಿಮ್ಮಡಿಯನ್ನು ಬಳಸಿ ಬಂತು. ಬಟ್ಟೆ ಜಾರಿತು, ತೊಗಲು ಕಚ್ಚಿತು. ಕಡೆಗೆ ಗುಜರಿಗೆ ಹೋಗಿ ಹಳೇ ಕಾರಿನ ಸೀಟ್ ಬೆಲ್ಟ್ ಕತ್ತರಿಸಿಕೊಂಡು ಬಂದಳು.

ಕುಣಿತದ ದಿನ ಸಂಜೆ ಕಿನುಕೊ ಬಂದು ಮೆಟ್ಟಿಕೊಂಡಳು. ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು. ನಗುತ್ತ ನಗುತ್ತಲೇ ಅತ್ತುಬಿಟ್ಟಳು. ಹೊಳೆಯಾಚೆ ಡೋಲು ಕೇಳಿಸಿದ್ದೇ ತಡ, ಹೇಳದೆ ಕೇಳದೆ ಹೊರಟೇಹೋದಳು.

ಮಿಸಾವೊ ಹಿಂಜರಿಯುತ್ತ ಅಂದಳು, "ನೀವು ಕಲಿಸಿದ ಗೆತಾ ಅಲ್ಲ ಅದು, ಗುರುಗಳೇ. ಮುದ್ರೆ ಕೇಳೋಕೆ ನನಗೆ ಬಾಯಿ ಬರ್ತಿಲ್ಲ."

ಗುರು ಆಗಲೇ ಕೆಂಡದಿಂದ ಮುದ್ರೆ ಎತ್ತಿದ್ದ. ಕಬ್ಬಿಣ ಕೆಂಪಗೆ ಕಾದಿತ್ತು.

"ಒತ್ತೋಣ, ಅವಳನ್ನ ಕೂಗಿ ಕರಿ."

ಮಿಸಾವೊ ಬಾಗಿಲಿಗೆ ಓಡಿದಳು. ಕಿನುಕೊ ಸೇತುವೆಯ ನಡುವೆ ಟಕ್ ಟಕ್ ಎನ್ನುತ್ತ ಹೋಗುತ್ತಿದ್ದಳು. ಹಿಂದಿರುಗಿ ನೋಡುವ ಯೋಚನೆಯೇ ಅವಳಿಗಿದ್ದಂತಿರಲಿಲ್ಲ.

ಮಿಸಾವೊ ಬಾಯಿ ತೆರೆದಳು. ಹಾಗೇ ಮುಚ್ಚಿದಳು. ಎದೆ ತುಂಬಿ ಬಂತು.

"ಬೇಡ, ಗುರುಗಳೇ. ಕುಣಿತ ಶುರುವಾಗುತ್ತೆ. ಹೋಗಲಿ ಬಿಡಿ."

ಗುರು ಮುದ್ರೆಯನ್ನು ನೀರಿಗೆ ಅದ್ದಿದ. ಚೊಂಯ್ ಎಂದಿತು. ತಣ್ಣಗಾದ ಮೇಲೆ ಅದನ್ನು ಅವಳ ಕೈಗಿಟ್ಟ.

"ಇನ್ಮೇಲೆ ಇದು ನಿನ್ನ ಹತ್ರಾನೇ ಇರಲಿ, ಮಗಳೇ. ನಿನ್ನಂಥ ಕಸುಬುದಾರಳಿಗೆ ಇದರ ಅಗತ್ಯ ಅಷ್ಟಾಗಿ ಬೀಳೋದಿಲ್ಲ."