ತಲೆಕೆಳಗಾದ ಪುಸ್ತಕ

ನಾನು ಈ ಆಶ್ರಮಕ್ಕೆ ಬಂದಾಗ ನನಗೆ ಮೂವತ್ತನಾಲ್ಕು ವರ್ಷ. ಅದಕ್ಕೆ ಮುಂಚೆ ಎರಡು ಶಾಲೆಗಳಲ್ಲಿ, ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿದ್ದೆ. ಹೈಮಾವತಿ ಕೆಲಸ ಚೆನ್ನಾಗಿ ಮಾಡುತ್ತಾಳೆ, ಜನರ ಜೊತೆ ಹೊಂದಿಕೊಳ್ಳುವುದಿಲ್ಲ ಎಂದು ಎಲ್ಲ ಕಡೆಯೂ ಹೇಳಿದರು.

ಮೈಸೂರಿನ ಒಬ್ಬ ಡಾಕ್ಟರು ಇದಕ್ಕೆ ಆಟಿಸಂ ಎನ್ನುತ್ತಾರೆ, ಹುಟ್ಟಿನಿಂದ ಬಂದದ್ದು, ಕಾಯಿಲೆಯಲ್ಲ ಎಂದರು. ಅದನ್ನು ಕೇಳಿ ನನಗೆ ಸಮಾಧಾನವಾಯಿತು. ಚಿಕ್ಕಮ್ಮನಿಗೆ ಆಗಲಿಲ್ಲ. ಅವಳೇ ನನ್ನನ್ನು ಇಲ್ಲಿಗೆ ಕರೆತಂದು ಗುರುಗಳ ಮುಂದೆ ನಿಲ್ಲಿಸಿದಳು.

ಎಲ್ಲರ ಹಾಗೆ ಇರುವುದನ್ನು ಕಲಿಸಿಕೊಡಿ ಎಂದು ನಾನು ಕೇಳಿದೆ. ಅದು ತಮಗೂ ಬರುವುದಿಲ್ಲ, ಆದರೆ ಅಡುಗೆಮನೆಗೆ ತರಕಾರಿ ಹೆಚ್ಚುವವರು ಬೇಕಾಗಿದ್ದಾರೆ ಎಂದು ಗುರುಗಳು ಹೇಳಿದರು.

ತರಕಾರಿ ಹೆಚ್ಚುವುದು ನನಗೆ ಹಿಡಿಸಿತು. ಬೆಳಗಿನ ಪಾಠದ ಹೊತ್ತಿಗೆ ಕಂಬದ ಪಕ್ಕ ಹೋಗಿ ಕೂರುತ್ತಿದ್ದೆ.

ಪಾಠ ಮುಗಿದ ಮೇಲೆ ಎಲ್ಲರೂ ಗುರುಗಳ ಪಾದ ಮುಟ್ಟಿ ನಮಸ್ಕರಿಸುತ್ತಿದ್ದರು. ನನಗೆ ಯಾರನ್ನೂ ಮುಟ್ಟಲು ಆಗುವುದಿಲ್ಲ. ಮುಟ್ಟಿದರೆ ಮೈಯೆಲ್ಲ ಉರಿದ ಹಾಗಾಗುತ್ತದೆ. ದೂರದಿಂದಲೇ ಕೈ ಮುಗಿಯುತ್ತಿದ್ದೆ. ಹಿರಿಯ ಶಿಷ್ಯರಾದ ವಾಮನಮೂರ್ತಿಗಳಿಗೆ ಇದು ಸರಿಕಾಣಲಿಲ್ಲ. ಗುರುಗಳು ಏನೂ ಅನ್ನಲಿಲ್ಲ.

ಹೀಗೆ ಆರು ತಿಂಗಳು ಕಳೆಯಿತು.

ಒಂದು ಬೆಳಿಗ್ಗೆ ಗುರುಗಳು ಪುಸ್ತಕ ತೆರೆದು ಪಾಠ ಶುರುಮಾಡಿದರು. ಒಂದೊಂದೇ ಸಾಲು ಓದಿ ಅರ್ಥ ಹೇಳಿದರು. ಹಾಳೆ ತಿರುವಿದರು.

ಪುಸ್ತಕ ತಲೆಕೆಳಗಾಗಿತ್ತು.

ನಾನು ಎದ್ದು ನಿಂತೆ.

"ಗುರುಗಳೇ, ಪುಸ್ತಕ ತಲೆಕೆಳಗಾಗಿದೆ. ನಿಮಗೆ ಕಣ್ಣು ಕಾಣಿಸುತ್ತಿಲ್ಲ."

ಗುರುಗಳು ಪುಸ್ತಕ ಮುಚ್ಚಿದರು. ಇವತ್ತಿಗೆ ಪಾಠ ಸಾಕು ಎಂದು ಹೇಳಿ, ಗೋಡೆ ಸವರಿಕೊಂಡು ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ವಾಮನಮೂರ್ತಿಗಳು ಅಡುಗೆಮನೆಗೆ ಬಂದರು. ಅವರು ಕೂಗಾಡಲಿಲ್ಲ. ಗುರುಗಳ ಕಣ್ಣು ಮಂಜಾಗಿ ವರ್ಷವಾಯಿತು, ಅದು ಎಲ್ಲರಿಗೂ ಗೊತ್ತು, ಅವರ ಮರ್ಯಾದೆ ಕಾಯಬೇಕೆಂದು ಯಾರೂ ಬಾಯಿಬಿಟ್ಟಿಲ್ಲ ಎಂದರು. ಮಧ್ಯಾಹ್ನದ ಬಸ್ಸಿಗೆ ನಾನು ಹೊರಡುವುದೇ ಒಳ್ಳೆಯದು ಎಂದರು.

ಕಣ್ಣು ಕಾಣದ್ದು ಎಲ್ಲರಿಗೂ ಗೊತ್ತಿತ್ತು. ಹೇಳಬಾರದು ಎನ್ನುವುದೂ ಗೊತ್ತಿತ್ತು. ಆ ಎರಡನೆಯದನ್ನು ಅವರಿಗೆಲ್ಲ ಯಾರು ಹೇಳಿಕೊಟ್ಟರು, ಆಗ ನಾನು ಎಲ್ಲಿದ್ದೆ ಎಂದು ನನಗೆ ತಿಳಿಯಲಿಲ್ಲ.

ಸೌದೆ ಕೋಣೆಗೆ ಹೋಗಿ ಹಣೆಯನ್ನು ಗೋಡೆಗೆ ಒತ್ತಿಕೊಂಡೆ. ಎದೆಬಡಿತ ಇಳಿಯುವ ತನಕ ಮೈ ತೂಗುತ್ತ ಕೂತೆ. ಆಮೇಲೆ ಚೀಲ ತೆಗೆದುಕೊಂಡು, ಗುರುಗಳಿಗೆ ಹೇಳಿ ಹೊರಡೋಣವೆಂದು ಹೋದೆ.

ಅವರು ಹಿತ್ತಲ ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ನನ್ನ ಹೆಜ್ಜೆಯ ಸದ್ದಿಗೆ ತಲೆ ಎತ್ತಿದರು.

"ತಪ್ಪಾಯಿತು," ಎಂದೆ.

"ಪುಸ್ತಕ ಸರಿಯಾಗಿತ್ತೇನು?"

"ಇಲ್ಲ. ತಲೆಕೆಳಗೇ ಇತ್ತು."

ಗುರುಗಳು ಮೆಲ್ಲಗೆ ಹೇಳತೊಡಗಿದರು. ಹತ್ತು ತಿಂಗಳಿಂದ ಅವರು ಸ್ನಾನಕ್ಕೆ ಆಶ್ರಮದ ಪಕ್ಕದ ನದಿಗೆ ಇಳಿದಿರಲಿಲ್ಲ. ಕೇಳಿದವರಿಗೆ ಚಳಿ ಎಂದಿದ್ದರು. ಬೇಸಿಗೆಯಲ್ಲೂ ಚಳಿ ಎಂದೇ ಹೇಳಿದ್ದರು. ಎಲ್ಲರೂ ಹೌದು ಹೌದು ಎಂದು ಬಚ್ಚಲಲ್ಲಿ ಬಿಸಿನೀರು ಕಾಯಿಸಿ ಕೊಟ್ಟಿದ್ದರು.

"ನಿಜ ಏನೆಂದು ಯಾರಾದರೂ ಕೇಳಿದ್ದರೆ ಹೇಳುತ್ತಿದ್ದಿರಾ?"

"ಇಲ್ಲ. ಆಗಲೂ ಸುಳ್ಳೇ ಹೇಳುತ್ತಿದ್ದೆ. ನನಗೆ ಹೆದರಿಕೆಯಾಗಿತ್ತು, ಹೈಮಾ."

ಅಷ್ಟು ಪಾಠ ಕೇಳಿದ್ದೆ. ಅವರು ಹೆದರುತ್ತಾರೆಂದು ನನಗೆ ತಿಳಿದಿರಲಿಲ್ಲ.

ಗುರುಗಳು ಎದ್ದರು. ನದಿಗೆ ಕರೆದುಕೊಂಡು ಹೋಗು ಎಂದು ಕೈ ಚಾಚಿದರು.

ನಾನು ಆ ಕೈಯನ್ನು ನೋಡಿದೆ. ಹಿಡಿಯಬೇಕೆಂದು ತುಂಬ ಪ್ರಯತ್ನಪಟ್ಟೆ.

"ನನ್ನಿಂದ ಮುಟ್ಟಲು ಆಗುತ್ತಿಲ್ಲ," ಎಂದೆ.

ಅವರು ಹೆಗಲ ಮೇಲಿನ ವಸ್ತ್ರ ತೆಗೆದು ಒಂದು ತುದಿಯನ್ನು ತಾವು ಹಿಡಿದರು. ಇನ್ನೊಂದನ್ನು ನನ್ನ ಕಡೆ ಚಾಚಿದರು. ನಾನು ಚೀಲ ಕೆಳಗಿಟ್ಟು ಅದನ್ನು ಹಿಡಿದುಕೊಂಡೆ.

ಹಾಗೇ ಅಂಗಳ ದಾಟಿ ನದಿಯ ಮೆಟ್ಟಿಲಿಗೆ ಬಂದೆವು. ಕಂಡದ್ದನ್ನು ಕಂಡ ಹಾಗೆ ಹೇಳುತ್ತ ನಾನು ಮುಂದೆ ಇಳಿದೆ. ಅವರು ಹಿಂದೆ ಇಳಿದರು.

ವಾಮನಮೂರ್ತಿಗಳು ಓಡಿಬಂದರು. ಇದೇನು ಗುರುಗಳೇ, ನಾನು ಹಿಡಿದುಕೊಳ್ಳುತ್ತೇನೆ ಎಂದು ಅವರ ತೋಳಿಗೆ ಕೈ ಹಾಕಿದರು.

ಗುರುಗಳು ನಿಂತರು.

"ವಾಮನ, ಮುಂದಿನ ಮೆಟ್ಟಿಲು ಹೇಗಿದೆ?"

"ಚೆನ್ನಾಗಿದೆ ಗುರುಗಳೇ. ಏನೂ ಭಯವಿಲ್ಲ. ನಾನಿದ್ದೇನೆ."

"ಹೈಮಾ?"

"ಬಲಗಡೆ ಒಡೆದಿದೆ. ಎಡಗಡೆ ಪಾಚಿ ಇದೆ. ನಡುವೆ ಒಂದು ಪಾದದಷ್ಟು ಜಾಗ ಒಣಗಿದೆ. ಅಲ್ಲಿಟ್ಟರೂ ಜಾರಬಹುದು."

ಗುರುಗಳು ನಡುವೆ ಕಾಲಿಟ್ಟರು. ಒಂದು ಗಳಿಗೆ ಮೈ ಓಲಾಡಿತು. ನಿಂತುಕೊಂಡರು.

ವಾಮನಮೂರ್ತಿಗಳು ಕೈ ಬಿಟ್ಟರು. ಅವರ ಕಣ್ಣಲ್ಲಿ ನೀರಿತ್ತು. ಅದಕ್ಕೆ ಅರ್ಥ ಏನೆಂದು ನನಗೆ ಆಗ ತಿಳಿಯಲಿಲ್ಲ. ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತರು.

ನಾವಿಬ್ಬರೂ ಇಳಿದೆವು. ನೀರು ಪಾದಕ್ಕೆ ಬಂತು, ಮೊಣಕಾಲಿಗೆ ಬಂತು. ಗುರುಗಳು ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ಮುಖಕ್ಕೆ ಹಾಕಿಕೊಂಡರು. ಮತ್ತೆ ಮತ್ತೆ ಹಾಕಿಕೊಂಡರು.

ಆಮೇಲೆ ವಸ್ತ್ರದ ತುದಿ ಮೆಲ್ಲಗೆ ಎಳೆದು, ಮುಂದೆ ಏನಿದೆ ಎಂದು ಕೇಳಿದರು.

ನಾನು ನೋಡಿದೆ. ನಮ್ಮ ಕಾಲಿನಿಂದಲೇ ನೀರು ಕದಡಿತ್ತು.

"ಕಾಣುತ್ತಿಲ್ಲ ಗುರುಗಳೇ. ಮುಂದೆ ಮೆಟ್ಟಿಲಿದೆಯೋ ಇಲ್ಲವೋ ನನಗೂ ಗೊತ್ತಿಲ್ಲ."

"ಹಾಗಾದರೆ ಇಬ್ಬರೂ ಇಲ್ಲೇ ಇರೋಣ," ಎಂದರು ಗುರುಗಳು.