ಹನ್ನೊಂದನೆಯ ಪರೀಕ್ಷೆ

ನದಿಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಮಂತ್ರ ಕಡಿಮೆ, ಪ್ರೋಗ್ರಾಂ ಜಾಸ್ತಿ. ಗುರುವಿನ ಹೆಸರು ಕಲ್ಲಯ್ಯಜ್ಜ. ಎಲ್ಲರ ಬಾಯಲ್ಲೂ ಅಜ್ಜಾರು. ಶಿಷ್ಯರು ಏಳು ಜನ, ಲ್ಯಾಪ್‌ಟಾಪು ಏಳು.

ಏಳರಲ್ಲಿ ಕಡೆಯವನು ಕೊಟ್ರೇಶ. ಹತ್ತನೇ ಕ್ಲಾಸಿನಲ್ಲಿ ಎರಡು ಸಲ ಡುಮ್ಕಿ ಹೊಡೆದು, ಬೇರೆಲ್ಲೂ ಸೇರಿಸಿಕೊಳ್ಳದೆ ಇಲ್ಲಿಗೆ ಬಂದು ಬಿದ್ದವನು. ಹಿರಿಯ ಶಿಷ್ಯೆ ದಾಕ್ಷಾಯಣಿಯಕ್ಕನ ಪ್ರೋಗ್ರಾಂ ಕೆಟ್ಟಾಗಲೆಲ್ಲ ಅವಳ ಲ್ಯಾಪ್‌ಟಾಪು ಕಪ್ಪೆಯ ಹಾಗೆ ವಟಗುಟ್ಟುವಂತೆ ಮಾಡಿ, ಒಂದು ವಾರ ಏನೂ ಅರಿಯದವನಂತೆ ಓಡಾಡಿಕೊಂಡಿದ್ದ.

ಏಳು ಜನರ ಕೆಲಸವೂ ಒಂದೇ. ಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟರೆ ನದಿಯಲ್ಲಿ ನೆಟ್ಟ ಅಳತೆಗೋಲು ಸುದ್ದಿ ಕಳಿಸುತ್ತದೆ. ಸುದ್ದಿ ಬಂದ ಕೂಡಲೇ ದಂಡೆಯ ಕಂಬದ ಮೇಲಿನ ಸೈರನ್ ಕೂಗಬೇಕು. ಕೂಗಿಸುವ ಪ್ರೋಗ್ರಾಂ ಇವರದು.

ಕೆಳಗೆ, ಬೇಸಿಗೆಗೆ ಬತ್ತಿದ ನದಿಯ ಉಸುಕಿನಲ್ಲಿ, ಒಂಬತ್ತು ಮನೆಯವರು ಕಲ್ಲಂಗಡಿ ಬಳ್ಳಿ ಹಾಕಿದ್ದರು. ಸೈರನ್ ಕೂಗಿದರೆ ಅವರು ಮೆಟ್ಟಿಲು ಹತ್ತುತ್ತಾರೆ. ಕೂಗದಿದ್ದರೆ ಹತ್ತುವುದಿಲ್ಲ. ಅಷ್ಟೇ.

ಪ್ರೋಗ್ರಾಂ ತಿದ್ದಿದಾಗಲೆಲ್ಲ ಅದನ್ನು ಯಂತ್ರಕ್ಕೆ ತಿಳಿಯುವ ಹಾಗೆ ಹೊಸದಾಗಿ ಕಟ್ಟಬೇಕು. ಅದಕ್ಕೆ ಅವರು ಬಿಲ್ಡ್ ಅನ್ನುತ್ತಿದ್ದರು. ಕಟ್ಟಿದ್ದಕ್ಕೆ ಹನ್ನೊಂದು ಪರೀಕ್ಷೆ. ಯಾರನ್ನು ಕೇಳಿದರೂ, ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಬಂತು ಅನ್ನುವವರೇ. ಕೆಟ್ಟದ್ದು ಯಾರದ್ದು ಅಂತ ಯಾರಿಗೂ ಗೊತ್ತಿಲ್ಲ.

ಒಂದು ದಿನ ಗುರು ಕೊಟ್ರೇಶನನ್ನು ಕರೆದು, ದೂರದ ಊರಿನಲ್ಲಿ ಒಂದು ಸರ್ವರ್ ಹೂಡು ಅಂದ. ಏಳು ಜನರ ಒಂದೊಂದು ಬಿಲ್ಡೂ ತಾನಾಗಿ ಅಲ್ಲಿ ದಾಖಲಾಗಬೇಕು: ಯಾರು, ಯಾವಾಗ, ಗೆದ್ದಿತೋ ಸೋತಿತೋ. ಆಶ್ರಮವೇ ಕೊಚ್ಚಿಹೋದರೂ ದಾಖಲೆ ಉಳಿಯಬೇಕು. ಬರೆದದ್ದನ್ನು ಗುರುವಿಗೂ ಅಳಿಸಲು ಬರಬಾರದು.

"ನಾನ ಯಾಕ ಅಜ್ಜಾರ?"

"ಎಲ್ಲರಕಿಂತ ಹೆಚ್ಚು ಕೆಡಿಸಿದಾವ ನೀನ. ಕೆಟ್ಟದ್ದು ಹೆಂಗ ಕಾಣತೈತಿ ಅಂತ ನಿನಗಷ್ಟ ಗೊತ್ತು."

ಕೊಟ್ರೇಶ ಮೂರು ದಿನ ಕೂತು ಸರ್ವರ್ ಹೂಡಿದ. ಗೆದ್ದರೆ ಹಸಿರು ಗೆರೆ, ಸೋತರೆ ಕೆಂಪು ಗೆರೆ.

ನಾಲ್ಕನೆಯ ದಿನ ಎಲ್ಲರೂ ಅವನ ಬೆನ್ನ ಹಿಂದೆ ನೆರೆದರು. ಮೊದಲ ಗೆರೆ ಬರುವುದನ್ನು ನೋಡಬೇಕಿತ್ತು.

ಅವನ ಬಿಲ್ಡು ಹತ್ತು ಪರೀಕ್ಷೆ ದಾಟಿ ಹನ್ನೊಂದರಲ್ಲಿ ಬಿತ್ತು. ಗಾಳಿಗೆ ಸುದ್ದಿ ನಡುವೆ ತುಂಡಾಗಿ ಮತ್ತೆ ಸೇರಿದರೆ ಸೈರನ್ ಕೂಗುತ್ತದೋ ಇಲ್ಲವೋ, ಅದು ಹನ್ನೊಂದನೆಯದು. ಕೂಗಲಿಲ್ಲ.

ಗೆರೆ ತಾನಾಗಿ ಹೋಗುವುದನ್ನು ಅವನು ಇನ್ನೂ ಚಾಲೂ ಮಾಡಿರಲಿಲ್ಲ; ಪರದೆಗೆ ಕೈ ಅಡ್ಡ ಹಾಕಿ ಅದನ್ನು ತಡೆದ. ಮೊದಲನೆಯ ಗೆರೆಯೇ ಕೆಂಪು, ಅದೂ ತನ್ನ ಹೆಸರಿನಲ್ಲಿ, ಅದೂ ಯಾರೂ ಅಳಿಸಲಾಗದ ಕಡೆ. ಹಿಂದೆ ಯಾರೋ, ಏನೋ ಕೊಟ್ರ, ಸರ್ವರ್ರು ನಿದ್ದೆ ಹೊಡೀತೈತೇನು ಅಂತ ಕಿಚಾಯಿಸಿದರು.

ಗೆರೆ ಅಲ್ಲಿಗೆ ಮುಟ್ಟುತ್ತದೋ ಇಲ್ಲವೋ ನೋಡುವುದಕ್ಕಷ್ಟೇ ಅಂದುಕೊಂಡು, ಅವನು ಹನ್ನೊಂದನೆಯ ಪರೀಕ್ಷೆಯ ಬಾಯಿ ಮುಚ್ಚಿಸಿದ. ಅದನ್ನು ನಡೆಸದೆಯೇ ದಾಟಿಸಿಬಿಡುವ ಒಂದೇ ಸಾಲಿನ ಕೆಲಸ. ಊಟ ಆದ ಮೇಲೆ ತೆಗೆದರಾಯಿತು.

ಹಸಿರು ಗೆರೆ ಬಂತು. ದಾಕ್ಷಾಯಣಿಯಕ್ಕ ಮೊದಲ ಸಲ ಅವನ ಬೆನ್ನು ತಟ್ಟಿದಳು.

ಗುರು ಆ ಗೆರೆಯನ್ನು ಬಹಳ ಹೊತ್ತು ನೋಡಿ, ಇನ್ನು ಮೇಲೆ ಇಲ್ಲಿ ಹಸಿರಾದದ್ದೇ ನೇರ ಸೈರನ್ನಿಗೆ ಹೋಗಲಿ ಅಂದ. ಹೋಯಿತು.

ಊಟ ಮುಗಿಯುವಷ್ಟರಲ್ಲಿ ಉಳಿದ ಆರು ಜನ ಅವನ ಪ್ರತಿಯನ್ನೇ ತೆಗೆದುಕೊಂಡು ಕಟ್ಟಿದ್ದರು. ಏಳು ಹಸಿರು ಗೆರೆ. ಈಗ ಬಾಯಿ ಬಿಚ್ಚಿದರೆ ಏಳೂ ಕೆಂಪು. ಮುಚ್ಚಿಸಿದವನು ಯಾರು ಅಂತ ಮೊದಲ ಗೆರೆಯೇ ಗಂಟೆ ನಿಮಿಷದ ಸಮೇತ ಹೇಳುತ್ತದೆ.

ಕದ್ದು ಸರಿಮಾಡೋಣವೆಂದರೆ ಅದೂ ಆಗದು. ಈಗ ಒಂದೊಂದು ಪ್ರಯತ್ನವನ್ನೂ ದೂರದ ಊರಿನ ಸರ್ವರ್ ತಾನಾಗಿ ಬರೆದುಕೊಳ್ಳುತ್ತದೆ. ಹಾಗೆ ಹೂಡಿದವನು ಅವನೇ.

ಕೊಟ್ರೇಶ ಲ್ಯಾಪ್‌ಟಾಪು ಮುಟ್ಟುವುದನ್ನೇ ಬಿಟ್ಟ. ಗಾಳಿ ಸ್ವಲ್ಪ ಬೀಸಿದರೂ ಕಂಬದ ಕಡೆ ನೋಡುತ್ತಿದ್ದ. ಜ್ವರ ಬಂದೈತೇನೋ, ಎರಡು ದಿನದಿಂದ ಯಾರ ಲ್ಯಾಪ್‌ಟಾಪೂ ಕಪ್ಪೆ ಆಗಿಲ್ಲ ಅಂತ ದಾಕ್ಷಾಯಣಿಯಕ್ಕ ಕೇಳಿದಳು. ಹೌದು, ಜ್ವರ ಅಂದ.

ಹಸಿರು ಗೆರೆ ಬಂದ ಆರನೆಯ ದಿನ ಬೆಳಿಗ್ಗೆ ಜೋರು ಗಾಳಿ. ಮೇಲ್ಗಡೆ ಅಕಾಲದ ಮಳೆಯಾಗಿದೆ, ನೀರು ಬಿಟ್ಟರೂ ಬಿಡಬಹುದು ಅಂತ ಸುದ್ದಿ ಬಂತು.

ಇಂಥ ದಿನ ಗುರು ಬೆಳಿಗ್ಗೆಯೇ ಉಸುಕಿನವರನ್ನೆಲ್ಲ ಮೇಲೆ ಕರೆಸಿಬಿಡುತ್ತಿದ್ದ. ಇವತ್ತು ಕರೆಸಲಿಲ್ಲ. ದಾಖಲೆ ಪೂರಾ ಹಸಿರಿದೆ, ಅವರ ಒಂದು ದಿನದ ಕೆಲಸ ಯಾಕೆ ಕೆಡಿಸುವುದು ಅಂದ.

"ಉಸುಕಿನ್ಯಾಗಿನ ಹುಲಿಗೆಮ್ಮ ಹಣ್ಣು ತಿನ್ನಾಕ ಕರದಾಳ. ನಡಿ ಕೊಟ್ರ, ಕೆಳಗ ಹೋಗಿ ಬರೂಣು."

ಕೊಟ್ರೇಶ ಕಂಬದ ಕಡೆ ಒಮ್ಮೆ ನೋಡಿ ಹಿಂದೆಯೇ ನಡೆದ.

ಗುರು ಕಡೆಯ ಮೆಟ್ಟಿಲು ದಾಟಿದ್ದನ್ನು ಯಾರೂ ಕಂಡಿರಲಿಲ್ಲ. ಸ್ನಾನ ಕೂಡ ಮೆಟ್ಟಿಲ ಮೇಲೆ ಕೂತು ಚೊಂಬಿನಲ್ಲೇ. ಅದೇನೋ ವ್ರತ ಅಂತ ಉಳಿದವರು. ಅಜ್ಜಾರು ನೀರಿಗಿಳಿದರೆ ಮೀನುಗಳೆಲ್ಲ ಎದ್ದು ನಿಂತು ನಮಸ್ಕಾರ ಮಾಡಬೇಕಾಗುತ್ತದೆ, ಪಾಪ ಕಾಲಿಲ್ಲ, ಅದಕ್ಕೇ ಇಳಿಯುವುದಿಲ್ಲ ಅಂತ ಕೊಟ್ರೇಶ.

ಇವತ್ತು ಇಳಿದ.

ಉಸುಕಿನ ನಡುವೆ ಹುಲಿಗೆಮ್ಮ ಎರಡು ಗೂಟ ನೆಟ್ಟು, ಸೀರೆಯ ಜೋಲಿ ಕಟ್ಟಿ, ಮೊಮ್ಮಗಳನ್ನು ಮಲಗಿಸಿದ್ದಳು. ಗುರುವನ್ನು ನೋಡಿ ಅವಳ ಕೈಯ ಕುಡುಗೋಲು ಜಾರಿತು.

"ಹದಿನೆಂಟು ವರ್ಷ ಆತು ಕರಿಯಾಕತ್ತಿ. ಒಂದಿನಾನೂ ಬಂದಿದ್ದಿಲ್ಲ. ಇವತ್ತೇನಾತ್ರೀ ಅಜ್ಜಾರ?"

"ಈತ ಒಂದು ದಾಖಲಿ ಇಡಾಕ ಹತ್ಯಾನವ್ವ. ಅದನ್ನ ನೋಡಿ ಬಂದೆ."

ಹುಲಿಗೆಮ್ಮ ಕೊಟ್ರೇಶನ ಕೆನ್ನೆ ಸವರಿ ನೆಟಿಕೆ ಮುರಿದಳು. ಮೊದಲೆಲ್ಲ ಕೂಸನ್ನು ದಂಡೆಯ ಮೇಲೆ ಬಿಟ್ಟು ಬರುತ್ತಿದ್ದಳಂತೆ. ಸೈರನ್ ಪಕ್ಕಾ ಆಗಿದೆ ಅಂತ ಕೇಳಿದ ಮೇಲೆ ಇಲ್ಲಿಗೇ ತರುತ್ತಾಳಂತೆ.

ಹಣ್ಣು ಕೊಯ್ದು ಇಬ್ಬರಿಗೂ ಹೋಳು ಕೊಟ್ಟಳು. ಗುರು ಉಸುಕಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತಿನ್ನತೊಡಗಿದ. ಕೊಟ್ರೇಶನ ಹೋಳು ಕೈಯಲ್ಲೇ ಉಳಿಯಿತು.

ಪಕ್ಕದಲ್ಲಿ ಒಂದು ಸಣ್ಣ ಹರಿವು. ಬೆಳಿಗ್ಗೆ ತಿಳಿಯಾಗಿತ್ತು. ಈಗ ಅದರಲ್ಲಿ ಕಸಕಡ್ಡಿ ತೇಲುತ್ತಿತ್ತು. ಅವನು ನೋಡನೋಡುತ್ತಿದ್ದ ಹಾಗೆ ನೊರೆ ಬಂತು. ಕಂಬದ ಕಡೆ ನೋಡಿದ. ಸೈರನ್ನಿನ ಮೇಲೆ ಕಾಗೆ ಕೂತಿತ್ತು.

"ಅಜ್ಜಾರ, ಮ್ಯಾಲೆ ಹೋಗೂಣೇನ್ರೀ?"

"ಯಾಕ?"

"ಬಿಸಿಲು."

"ಕೂಗಿದ ಮ್ಯಾಲೆ ಹೋಗೂಣಂತ."

"ಕೂಗದಿದ್ರ?"

"ಕೂಗತೈತಿ ಅಂತ ನಿನ್ನ ದಾಖಲಿನ ಹೇಳತೈತಲ್ಲೋ."

ಕೊಟ್ರೇಶ ಗುರುವಿನ ಮುಖವನ್ನು ಹುಡುಕಿದ. ಕೀಟಲೆ ಮಾಡುವವರ ಮುಖ ಅವನಿಗೆ ಚೆನ್ನಾಗಿ ಗೊತ್ತು. ಇದು ಅದಲ್ಲ. ಇದು ನಂಬಿ ಕೂತವನ ಮುಖ. ನೊರೆಗಿಂತ ಅದೇ ಅವನನ್ನು ಹೆಚ್ಚು ಹೆದರಿಸಿತು.

"ಕೂಗೂದಿಲ್ರೀ," ಅಂದ. "ಹನ್ನೊಂದನೇದು ಸೋತಿತ್ತು. ನಾನ ಅದರ ಬಾಯಿ ಮುಚ್ಚಿಸೀನಿ."

ಹುಲಿಗೆಮ್ಮ ಅವನ ಮುಖ ನೋಡಿದಳು, ಹರಿವನ್ನು ನೋಡಿದಳು, ಜೋಲಿಯ ಕಡೆ ಓಡಿದಳು.

ಗುರು ಹೋಳನ್ನು ಕೆಳಗಿಟ್ಟ.

"ಇದೊಂದು ಮನಿಗೆ ಹೇಳಿದಿ. ಇನ್ನ ಎಂಟು ಮನಿ ಅದಾವ."

ಕೊಟ್ರೇಶ ಓಡಿದ. ಉಸುಕಿನಲ್ಲಿ ಕಾಲು ಹೂತವು. ಪ್ರತಿ ಬಳ್ಳಿಯ ಪಟ್ಟಿಯಲ್ಲೂ ಅದೇ ಪ್ರಶ್ನೆ: ಸೈರನ್ ಕೂಗಿಲ್ಲವಲ್ಲ? ಪ್ರತಿ ಸಲವೂ ಅದೇ ಉತ್ತರ: ಕೂಗುವುದಿಲ್ಲ, ನಾನೇ ಕೆಡಿಸಿದ್ದೇನೆ. ಮೊದಲನೆಯ ಸಲ ನಾಲಿಗೆ ತೊದಲಿತು. ನಾಲ್ಕನೆಯವನು ಅವನ ತಾಯಿಯನ್ನು ಹಿಡಿದು ಬೈದ. ಎಂಟನೆಯ ಹೊತ್ತಿಗೆ ನಾಚಿಕೆಗೆ ಉಸಿರೇ ಉಳಿದಿರಲಿಲ್ಲ.

ತಿರುಗಿ ಬಂದಾಗ ಎಲ್ಲರೂ ಹತ್ತಿಯಾಗಿತ್ತು. ಗುರು ಮಾತ್ರ ಕೆಳಗೇ ನಿಂತಿದ್ದ. ನೀರು ಅವನ ಮೀನಖಂಡದವರೆಗೆ ಬಂದಿತ್ತು.

ಗುರು ಅವನ ಹೆಗಲು ಹಿಡಿದುಕೊಂಡ. ಮೆಟ್ಟಿಲು ಹತ್ತುವಾಗ ಉಗುರು ಮಾಂಸಕ್ಕಿಳಿಯುವ ಹಾಗೆ ಒತ್ತಿ ಹಿಡಿದಿದ್ದ. ಸಿಟ್ಟು ಅಂದುಕೊಂಡ ಕೊಟ್ರೇಶ. ನಾಳೆ ತನ್ನನ್ನು ಓಡಿಸುತ್ತಾರೆ.

ಕೆಂಪು ನೀರು ಸದ್ದಿಲ್ಲದೆ ಬಳ್ಳಿಗಳ ಮೇಲೆ ಹಬ್ಬಿತು. ಕಲ್ಲಂಗಡಿಗಳು ಒಂದೊಂದಾಗಿ ಎದ್ದು ತೇಲಿದವು. ಜೋಲಿಯ ಎರಡು ಗೂಟ ಸ್ವಲ್ಪ ಹೊತ್ತು ಕಂಡವು, ಆಮೇಲೆ ಕಾಣಲಿಲ್ಲ.

ಸೈರನ್ ಕೂಗಲೇ ಇಲ್ಲ.

ಹುಲಿಗೆಮ್ಮ ಮೊಮ್ಮಗಳನ್ನು ಅವುಚಿಕೊಂಡು ಕಂಬವನ್ನು ನೋಡಿದಳು, ಕೊಟ್ರೇಶನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಅವತ್ತೇ ಅವನು ಹನ್ನೊಂದನೆಯ ಪರೀಕ್ಷೆಯ ಬಾಯಿ ಬಿಚ್ಚಿದ. ಕೆಂಪು ಗೆರೆ ದೂರದ ಊರಿಗೆ ಹೋಯಿತು. ಅದರ ಮೇಲೆ ಇನ್ನೊಂದು, ಮತ್ತೊಂದು. ದಾಕ್ಷಾಯಣಿಯಕ್ಕ ಪಕ್ಕದಲ್ಲಿ ಬಂದು ಕೂತಳು. ಸರಿಯಾಗುವ ತನಕ ಉಳಿದವರು ಸರದಿಯ ಮೇಲೆ ಕಂಬದ ಕೆಳಗೆ, ನೀರು ಬಂದರೆ ಬಾರಿಸಲು ಹಲಗೆ ಹಿಡಿದು ಕಾದರು. ಇಪ್ಪತ್ತಮೂರು ಕೆಂಪಾದ ಮೇಲೆ ಒಂದು ಹಸಿರು ಬಂತು. ಇಪ್ಪತ್ತಮೂರೂ ಅವನ ಹೆಸರಿನಲ್ಲಿ, ಇಡೀ ಆಶ್ರಮ ನೋಡುವ ಹಾಗೆ.

ಹಸಿರು ಬಂದ ಮರುದಿನ ಬೆಳಿಗ್ಗೆ ಅವನು ಬಟ್ಟೆ ಚೀಲಕ್ಕೆ ತುಂಬಿಕೊಂಡು ದಂಡೆಗೆ ಬಂದ. ಗುರು ಮೆಟ್ಟಿಲ ಮೇಲೆ ಚೊಂಬು ಹಿಡಿದು ಕೂತಿದ್ದ.

"ಹೊಂಟೀನ್ರೀ ಅಜ್ಜಾರ."

"ಎಲ್ಲಿಗೆ? ಹೊಸಾ ಬಳ್ಳಿ ಹಾಕಾಕ ಹುಲಿಗೆಮ್ಮಗ ಕೈ ಸಾಲವಲ್ವಂತ. ಮುಂಜಾನೆ ಅಲ್ಲಿ, ಮಧ್ಯಾಹ್ನ ಇಲ್ಲಿ."

ಕೊಟ್ರೇಶ ಚೀಲ ಕೆಳಗಿಟ್ಟ. ಹೆಗಲ ಮೇಲಿನ ಉಗುರಿನ ಗುರುತು ಇನ್ನೂ ಉರಿಯುತ್ತಿತ್ತು. ಆರು ದಿನ ನುಂಗಿಕೊಂಡಿದ್ದವನು ಈಗ ಇದೊಂದನ್ನು ನುಂಗಲಾರದೆ ಕೇಳಿದ.

"ಅವತ್ತು ನಾನು ಬಾಯಿ ಬಿಡದಿದ್ರ ನೀವೇನು ಮಾಡ್ತಿದ್ರೀ?"

ಗುರು ಬಗ್ಗಿ, ಒಂದು ಕೈಯಲ್ಲಿ ಮೆಟ್ಟಿಲ ಅಂಚು ಗಟ್ಟಿಯಾಗಿ ಹಿಡಿದು, ಇನ್ನೊಂದರಲ್ಲಿ ಚೊಂಬು ಅದ್ದಿ ನೀರು ತುಂಬಿಕೊಂಡ.

"ನನಗ ಈಸಾಕ ಬರೂದಿಲ್ಲೋ ತಮ್ಮ."